ಒಂಬತ್ತು ಸಾವಿರದ ಆರುನೂರು ತಲೆ

ಮಾಲೀಕ ಕಳಿಸಿದ ಕಾಗದದಲ್ಲಿ ಇದ್ದದ್ದು ನಾಲ್ಕೇ ಸಾಲು. ಮೊದಲ ಸಲ ಓದಿದಾಗ ಟೈಲರಕ್ಕನಿಗೆ ಅರ್ಥವಾಗಲಿಲ್ಲ. ಎರಡನೇ ಸಲ ಓದಿದಾಗ ಮೈ ಉರಿಯಿತು. ಮೂರನೇ ಸಲ ಓದುವಾಗ ನಗು ಬಂತು, ಆದರೆ ಅದು ಒಳ್ಳೆಯ ನಗುವಲ್ಲ. ಒಳಗಿನ ಕೋಣೆಯಲ್ಲಿ ಅಂಗಿಯ ಗುಂಡಿಗಳಿಗೆ ಕಾಜಾ ಹಾಕುತ್ತ ಕೂತಿದ್ದ ಅತ್ತೆ ಆ ನಗು ಕೇಳಿ ಗಾಬರಿಬಿದ್ದು, ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಅಂಗಡಿಗೆ ಬಂದಳು.

"ಏನಂತೆ ಅವನದು?"

"ಬಾಡಿಗೆ ನಾಲ್ಕು ಪಟ್ಟಂತೆ ಅತ್ತೆ. ಕೊಡೋಕಾಗದಿದ್ರೆ ಎರಡು ತಿಂಗಳಲ್ಲಿ ಖಾಲಿ ಮಾಡ್ಬೇಕಂತೆ. ಅಂಗಡಿನೂ, ಹಿಂದಿನ ಕೋಣೆನೂ."

"ಅದರಲ್ಲಿ ಹಲ್ಲು ಕಿಸಿಯೋದೇನಿದೆ?"

"ಕಾರಣ ಬರ್ದಿದಾನೆ, ಕೇಳಿ." ಟೈಲರಕ್ಕ ಗಂಟಲು ಸರಿಮಾಡಿಕೊಂಡು ಓದಿದಳು. "ಸದರಿ ಮಳಿಗೆಯ ಮುಂಭಾಗದಲ್ಲಿ ದಿನವೊಂದಕ್ಕೆ ಒಂಬತ್ತು ಸಾವಿರದ ಆರುನೂರು ಜನ ಹಾದುಹೋಗುತ್ತಾರೆಂದು ಸರ್ಕಾರಿ ಸಮೀಕ್ಷೆಯೇ ದೃಢಪಡಿಸಿರುವುದರಿಂದ."

ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆ ಒಂಬತ್ತು ಸಾವಿರದ ಆರುನೂರರಲ್ಲಿ ಮೂವತ್ತು ತಲೆ ಅವಳೊಬ್ಬಳದೇ ಆಗಿತ್ತು.

ಆ ಎಣಿಕೆ ನಡೆದದ್ದು ಎಂಟು ವರ್ಷದ ಹಿಂದೆ. ಆಗ ಓಣಿಯಲ್ಲಿ ನಲವತ್ತು ಮನೆ, ಏಳು ಅಂಗಡಿ. ಬಸ್ಸು ಹಿಡಿಯಬೇಕೆಂದರೆ ಮುಕ್ಕಾಲು ಗಂಟೆ ನಡೆಯಬೇಕು. ಮಕ್ಕಳು ತಡವಾಗಿ ಹೋಗಿ ಶಾಲೆಯಲ್ಲಿ ಬೈಸಿಕೊಳ್ಳುತ್ತಿದ್ದರು, ದೊಡ್ಡವರು ತಡವಾಗಿ ಹೋಗಿ ಅರ್ಧ ದಿನದ ಕೂಲಿ ಕಳೆದುಕೊಳ್ಳುತ್ತಿದ್ದರು. ಟೈಲರಕ್ಕನ ಗಂಡನಿಗೆ ಎದೆನೋವು ಬಂದ ದಿನ ಆಸ್ಪತ್ರೆಗೆ ಗಾಡಿ ಸಿಗುವಷ್ಟರಲ್ಲಿ ಅವನು ಹೋಗಿಬಿಟ್ಟಿದ್ದ. ಹಾಗಾಗಿ ಈ ಕಡೆಗೆ ರೈಲು ಬರುತ್ತದೆಯಂತೆ ಎಂಬ ಸುದ್ದಿ ಹುಟ್ಟಿದಾಗ ಎಲ್ಲರಿಗಿಂತ ಮೊದಲು ಟೊಂಕ ಕಟ್ಟಿದವಳು ಅವಳೇ. ಹೊಲಿಗೆ ಯಂತ್ರದ ಪಕ್ಕದಲ್ಲೇ ಸಹಿ ಸಂಗ್ರಹದ ಹಾಳೆ ಇಟ್ಟುಕೊಂಡಿದ್ದಳು. ಅಳತೆ ಕೊಡಲು ಬಂದವರು ಸಹಿ ಹಾಕದೆ ಹೋಗುವ ಹಾಗಿರಲಿಲ್ಲ.

ನಿಲ್ದಾಣ ಒಂದು, ಜಾಗ ಎರಡು. ಒಂದು ಇವರ ಓಣಿಯ ಮೂಲೆ, ಇನ್ನೊಂದು ಗೋದಾಮುಗಳ ಕಡೆಯ ವೃತ್ತ. ಜನ ಎಲ್ಲಿ ಹೆಚ್ಚು ಓಡಾಡುತ್ತಾರೋ ಅಲ್ಲಿ ನಿಲ್ದಾಣ ಎಂದು ಕಚೇರಿಯವರು ಹೇಳಿದರು. ಮೂರು ದಿನ ಎಣಿಕೆ. ಗುಂಡಿ ಒತ್ತುವ ಪುಟ್ಟ ಯಂತ್ರ ಹಿಡಿದು ತೆಳ್ಳಗಿನ ಗುಮಾಸ್ತನೊಬ್ಬ ಬಂದು, ಮೂಲೆಯಲ್ಲಿ ಮೊಣಕಾಲೆತ್ತರದ ಸ್ಟೂಲು ಹಾಕಿಕೊಂಡು ಕೂತ. ಒಬ್ಬರು ದಾಟಿದರೆ ಒಂದು ಟಿಕ್.

ಮೊದಲ ದಿನ ಬೆಳಿಗ್ಗೆ ಒಂದು ಗಂಟೆ ಹೊತ್ತು, ಆಗೊಂದು ಈಗೊಂದು ಬೀಳುತ್ತಿದ್ದ ಆ ಟಿಕ್ ಕೇಳಿಯೇ ಟೈಲರಕ್ಕನ ಎದೆ ಕುಸಿಯಿತು. ಗೋದಾಮುಗಳ ಕಡೆ ಲಾರಿಯವರು, ಹಮಾಲರು, ದಲ್ಲಾಳಿಗಳು, ಜನವೋ ಜನ. ಇಲ್ಲಿ ಯಾರಿದ್ದಾರೆ? ಅವಳು ಅಂಗಡಿ ಬಾಗಿಲಲ್ಲಿ ಕೈಕೈ ಹಿಸುಕಿಕೊಳ್ಳುತ್ತ ನಿಂತಿದ್ದಾಗ ಮಾಲೀಕ ಎದುರಿನ ತನ್ನ ಮನೆಯ ಜಗಲಿಯಿಂದ ಕರೆದ. ಓಣಿಯ ಅರ್ಧಕ್ಕರ್ಧ ಅವನದೇ. ಎಲ್ಲರೂ ಅವನನ್ನು ಅಣ್ಣ ಎನ್ನುತ್ತಿದ್ದರು, ಅವನೂ ಹೆಂಗಸರನ್ನೆಲ್ಲ ತಂಗಿ ಎನ್ನುತ್ತಿದ್ದ.

"ಗಾಳಿ ಬಂದಾಗ ತೂರಿಕೊಳ್ಬೇಕು ತಂಗಿ. ಮೂಲೆ ದಾಟಿ ಹೋಗಿ, ಹಿಂದಿನ ಮೋರಿ ದಾರೀಲಿ ವಾಪಸ್ ಬಂದು, ಮತ್ತೆ ಮೂಲೆ ದಾಟಿದ್ರೆ ಅವನಿಗೆ ಹೊಸ ತಲೆನೇ ಅಲ್ವಾ?"

"ಗುರುತು ಹಿಡಿಯಲ್ವಾ ಅಣ್ಣಾ? ಅದೇ ಬಟ್ಟೇಲಿ ಹತ್ತು ಸಲ ಹೋದ್ರೆ?"

"ನಿನ್ನಂಗಡೀಲಿ ಬಟ್ಟೆಗೆ ಬರಗಾಲವಾ?"

ಬರಗಾಲ ಇರಲಿಲ್ಲ. ಗಿರಾಕಿಗಳು ಇನ್ನೂ ಒಯ್ಯದ ಕೋಟು, ಅಂಗಿ, ಲಂಗ, ಸಮವಸ್ತ್ರ ಎಲ್ಲ ಗೂಟಗಳ ಮೇಲೆ ಸಾಲಾಗಿ ತೂಗುತ್ತಿದ್ದವು. ಗಿರಾಕಿಯ ಬಟ್ಟೆಯನ್ನು ಮೈಗೆ ಹಾಕಿಕೊಳ್ಳಬಾರದು ಎನ್ನುವುದು ಈ ಕಸುಬಿನ ಮೊದಲ ಪಾಠ. ಇಪ್ಪತ್ತು ವರ್ಷ ಅವಳು ಅದನ್ನು ಮೀರಿರಲಿಲ್ಲ. ಆ ಮೂರು ದಿನ ಮೀರಿದಳು, ಅದೂ ಸಗಟಾಗಿ. ಇಡೀ ಓಣಿಗೆ ಬಟ್ಟೆ ತೊಡಿಸಿ ಸುತ್ತು ಹಾಕಿಸಿದಳು. ಬಡಕಲು ಕ್ಷೌರಿಕ ಯಾರದೋ ಮದುವೆ ಕೋಟಿನಲ್ಲಿ ಒಂದು ಸುತ್ತು ಹೋದ, ಬ್ಯಾಂಕಿನ ಕಾವಲುಗಾರನ ಸಮವಸ್ತ್ರದಲ್ಲಿ ಇನ್ನೊಂದು. ಸಮವಸ್ತ್ರ ಕಂಡು ದಾರಿಹೋಕನೊಬ್ಬ ಸೆಲ್ಯೂಟು ಹೊಡೆದ, ಕ್ಷೌರಿಕ ಗಂಭೀರವಾಗಿ ತಲೆಯಾಡಿಸಿ ಮುಂದೆ ನಡೆದ. ಮದುವೆ ಕೋಟಿನ ಗಿರಾಕಿ ಅದೇ ಹೊತ್ತಿಗೆ ಬಂದು, "ಅಲ್ಲಿ ಹೋಗ್ತಿರೋದು ನನ್ನ ಕೋಟಲ್ವಾ?" ಎಂದು ಕೇಳಿದಾಗ ಟೈಲರಕ್ಕ, "ಅದೇ ಬಟ್ಟೆ, ಬೇರೆ ಕೋಟು. ಈಗ ಅದೇ ಓಡ್ತಿರೋದು," ಎಂದು ಮುಖ ಕೆಡಿಸಿಕೊಳ್ಳದೆ ಹೇಳಿದಳು. ಅರವತ್ತಾರು ದಾಟಿದ್ದ ಅತ್ತೆ ದಿನಕ್ಕೆ ಮೂವತ್ತು ಸುತ್ತು ಹಾಕಿದಳು. ಪ್ರತಿ ಸುತ್ತಿಗೂ ಹೆಗಲ ಮೇಲೆ ಬೇರೆ ಶಾಲು. ಸಂಜೆ ಕಾಲು ಬಿಸಿನೀರಿನಲ್ಲಿ ಇಟ್ಟುಕೊಂಡು, "ನನ್ನ ಮಗನಿಗೆ ಸಿಗದ ರೈಲು ಬೇರೆಯವರ ಮಕ್ಕಳಿಗಾದ್ರೂ ಸಿಗ್ಲಿ," ಎನ್ನುತ್ತಿದ್ದಳು.

ಮಾಲೀಕ ಒಂದು ಸುತ್ತೂ ಹಾಕಲಿಲ್ಲ. ಅವನಿಗೆ ಮಂಡಿ ನೋವು. ಜಗಲಿಯ ಮೇಲೆ ಕೂತು, "ಇನ್ನೊಂದು ಸುತ್ತು, ಇನ್ನೊಂದು ಸುತ್ತು, ಎಲ್ಲರ ಒಳ್ಳೇದಕ್ಕೆ," ಎಂದು ಹುರಿದುಂಬಿಸಿದ.

ಎಣಿಕೆ ಗೆದ್ದಿತು. ಮೂರೂವರೆ ವರ್ಷ ಧೂಳು ಕುಡಿದ ಮೇಲೆ ನಿಲ್ದಾಣವೂ ಬಂತು. ಟೈಲರಕ್ಕ ಆ ಗುಟ್ಟನ್ನು ಯಾರ ಮುಂದೆಯೂ ಹೇಳಲಿಲ್ಲ. ಆದರೆ ಪ್ರತಿ ರೈಲು ಬಂದಾಗಲೂ ಅವಳಿಗೆ ಒಳಗೊಳಗೇ ಹೆಮ್ಮೆ. ಸರ್ಕಾರಕ್ಕೇ ಟೋಪಿ ಹಾಕಿದವರು ನಾವು ಎಂದುಕೊಂಡು ಪೆಡಲು ತುಳಿಯುತ್ತಿದ್ದಳು.

ಸುಳ್ಳು ಹೇಳಬಾರದು, ಮೊದಲ ಎರಡು ವರ್ಷ ಚೆನ್ನಾಗಿಯೇ ಇತ್ತು. ಬೆಳಿಗ್ಗೆ ಪ್ಯಾಂಟು ಕೊಟ್ಟು, ಸಂಜೆ ರೈಲಿಳಿದಾಗ ಅಂಚು ಮಡಿಸಿದ್ದನ್ನು ಒಯ್ಯುವ ಗಿರಾಕಿಗಳು ಬಂದರು. ಅವಳು ಎರಡನೇ ಯಂತ್ರ ಕೊಂಡಳು. ಕ್ಷೌರಿಕ ಹೊಸ ಕುರ್ಚಿ ತರಿಸಿದ. ಓಣಿಯಲ್ಲಿ ಯಾರಿಗಾದರೂ ಹುಷಾರಿಲ್ಲದಿದ್ದರೆ ಇಪ್ಪತ್ತು ನಿಮಿಷದಲ್ಲಿ ಆಸ್ಪತ್ರೆ. ಆಮೇಲೆ ಕಚೇರಿಯವರು ಒಂದು ನಕ್ಷೆ ಹೊರಡಿಸಿದರು. ನಿಲ್ದಾಣದ ಸುತ್ತ ಅರ್ಧ ಕಿಲೋಮೀಟರಿಗೆ ಕೆಂಪು ಗೆರೆ ಎಳೆದು, ಇಲ್ಲಿ ಜನಸಂಚಾರ ವಿಪರೀತ, ಆದ್ದರಿಂದ ಹದಿನೈದು ಮಹಡಿಯವರೆಗೆ ಕಟ್ಟಬಹುದು ಎಂದರು. ಗೆರೆಯ ಒಳಗಿನ ನೆಲದ ಬೆಲೆಗೂ ಬಾಡಿಗೆಗೂ ರಾತ್ರೋರಾತ್ರಿ ರೆಕ್ಕೆ ಬಂತು. ಮೊದಲು ಬೀಗ ರಿಪೇರಿಯವನು ಹೋದ. ಅವನ ಹಿಂದೆ ಮೂಲೆಮನೆಯ ಆರು ಜನರ ಸಂಸಾರ, ಅವರ ಹಿಂದೆ ದಾದಿಯ ಕೆಲಸದ ಅಕ್ಕತಂಗಿಯರು. ಆಮೇಲೆ ಕ್ಷೌರಿಕನೂ ಹೊಸ ಕುರ್ಚಿಯನ್ನು ಕಾಲು ಬೆಲೆಗೆ ಮಾರಿ, ರೈಲು ಮಾರ್ಗದ ಕೊನೆಯ ನಿಲ್ದಾಣದಿಂದಲೂ ಮೂರು ಮೈಲಿ ಆಚೆ ಹೋಗಿ ಬಿದ್ದ. ಅವನಂಗಡಿಯಲ್ಲಿ ಈಗ ಕಾಫಿ ಮಾರುತ್ತಾರೆ. ಒಂದು ಲೋಟದ ಬೆಲೆ ಅವನು ಮೂರು ತಲೆಯ ಕ್ಷೌರಕ್ಕೆ ತೆಗೆದುಕೊಳ್ಳುತ್ತಿದ್ದಷ್ಟು.

ರೈಲು ಬೇಕು ಎಂದು ಯಾರು ಕಾಲು ಸವೆಸಿದರೋ ಅವರೆಲ್ಲ ಈಗ ಮತ್ತೆ ಮುಕ್ಕಾಲು ಗಂಟೆ ನಡೆದು ಬಸ್ಸು ಹಿಡಿಯುವವರೇ. ಇದನ್ನು ನೆನೆದರೆ ಟೈಲರಕ್ಕನಿಗೆ ಕೈಯಲ್ಲಿದ್ದ ಕತ್ತರಿಯನ್ನು ಎಲ್ಲಿ ಎಸೆಯಬೇಕೆಂದು ತಿಳಿಯುತ್ತಿರಲಿಲ್ಲ. ಆದರೂ ತನ್ನ ತಲೆಯ ಮೇಲೆ ಬರುವುದಿಲ್ಲ ಎಂದುಕೊಂಡಿದ್ದಳು. ಮಾಲೀಕ ಅಣ್ಣನಲ್ಲವೇ?

ಈಗ ಅಣ್ಣನ ಕಾಗದ ಯಂತ್ರದ ಮೇಲೆ ಬಿದ್ದಿತ್ತು.

"ಆ ಲೆಕ್ಕ ಸುಳ್ಳು ಅಂತ ಹೇಳಿಬಿಟ್ರೆ?" ಎಂದಳು ಟೈಲರಕ್ಕ. "ನಕ್ಷೆ ನಿಂತಿರೋದೇ ಆ ಲೆಕ್ಕದ ಮೇಲೆ. ಲೆಕ್ಕ ಬಿದ್ರೆ ಕೆಂಪು ಗೆರೆ ಬೀಳುತ್ತೆ. ಗೆರೆ ಬಿದ್ರೆ ಬಾಡಿಗೆ ಏರಿಸೋಕೆ ಅವನಿಗೆ ಯಾವ ನೆಪ ಇದೆ? ಮುಂದಿನ ವಾರ ಕಚೇರೀಲಿ ಆ ನಕ್ಷೆಗೆ ಆಕ್ಷೇಪಣೆ ಕೇಳ್ತಾರಂತೆ. ಹೋಗಿ ಒಪ್ಕೋತೀನಿ."

"ಜೈಲಿಗೆ ಹಾಕಿದ್ರೆ?"

"ಅಲ್ಲಿ ಬಾಡಿಗೆ ಇಲ್ಲವಲ್ಲ ಅತ್ತೆ."

ಆಕ್ಷೇಪಣೆ ಕೇಳುವ ಕೋಣೆಯಲ್ಲಿ ಫ್ಯಾನು ಇತ್ತು, ನೀರಿನ ಬಾಟಲಿಗಳಿದ್ದವು, ಮೇಜಿನ ಹಿಂದೆ ಅಧಿಕಾರಿಯಿದ್ದ. ಬದಿಯಲ್ಲಿ ತಲೆ ನರೆಯತೊಡಗಿದ್ದ ಗುಮಾಸ್ತನೊಬ್ಬ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ. ಗೋಡೆಯ ಮೇಲಿನ ದೊಡ್ಡ ಚಿತ್ರದಲ್ಲಿ ಅವಳ ಓಣಿಯ ಜಾಗದಲ್ಲಿ ಒಂದು ಗಾಜಿನ ಕಟ್ಟಡ ನಿಂತಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಇವರು ಕಟ್ಟಡದ ಬಣ್ಣ ಆರಿಸಿದ ಮೇಲೆ ಆಕ್ಷೇಪಣೆ ಇದೆಯೇ ಎಂದು ಕೇಳುತ್ತಿದ್ದರು.

ಟೈಲರಕ್ಕ ನಿಂತುಕೊಂಡೇ ಎಲ್ಲ ಹೇಳಿದಳು. ಮೂರು ದಿನ, ಮೋರಿ ದಾರಿ, ಕೋಟು, ಶಾಲು, ಯಾವುದನ್ನೂ ಬಿಡಲಿಲ್ಲ. ಹಿಂದಿನ ಬೆಂಚುಗಳಲ್ಲಿ ಕೂತವರು ನಕ್ಕರು. ಅಧಿಕಾರಿ ಮಾತ್ರ ತಾಳ್ಮೆಯಿಂದ ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡ.

"ಅಮ್ಮಾ, ಆಗ ಅದು ಸುಳ್ಳಿದ್ದಿರಬಹುದು. ಈಗ ಅಲ್ಲಿ ದಿನಕ್ಕೆ ಮೂವತ್ತೊಂದು ಸಾವಿರ ಜನ ಓಡಾಡ್ತಾರೆ. ನಿಲ್ದಾಣದ ಗೇಟೇ ಎಣಿಸುತ್ತೆ. ನಿಮ್ಮ ಸುಳ್ಳು ಸಣ್ಣದಾಯ್ತು, ಅಷ್ಟೇ."

"ಮೂವತ್ತೊಂದು ಸಾವಿರದಲ್ಲಿ ನಮ್ಮೋಣಿಯವರು ಎಷ್ಟು ಜನ ಸಾರ್?"

"ಅದನ್ನ ಎಣಿಸೋದಿಲ್ಲಮ್ಮ. ತಲೆ ಎಣಿಸ್ತೀವಿ, ಯಾರ ತಲೆ ಅಂತ ಎಣಿಸೋದಿಲ್ಲ."

"ನಾನು ಎಣಿಸಿದೀನಿ. ನಲವತ್ತು ಮನೇಲಿ ಈಗ ಉಳಿದಿರೋದು ಐದು. ಆ ಮೂವತ್ತೈದು ಮನೆಯವರು ಕಾಲು ಬಾವು ಬರೋವರೆಗೆ ನಡೆದು ನಿಮಗೆ ಈ ಸಂಖ್ಯೆ ಕೊಟ್ರು. ಅದನ್ನೇ ತಿರುಗಿಸಿ ಅವರ ನೆತ್ತಿ ಮೇಲೆ ಹಾಕಿದ್ರಿ. ರೈಲು ಬೇಡ ಅಂತ ಯಾರು ಹೇಳ್ತಿದಾರೆ? ರೈಲು ನಾವೇ ಕೇಳಿದ್ವಿ. ನಾವು ಹತ್ತೋಕೆ ಕೇಳಿದ್ವಿ ಸಾರ್, ನಮ್ಮನ್ನ ಹತ್ತಿಸಿ ಕಳಿಸಿಬಿಡಿ ಅಂತ ಅಲ್ಲ." ಅವಳು ಗೋಡೆಯ ಮೇಲಿನ ಚಿತ್ರದ ಕಡೆ ಬೆರಳು ತೋರಿಸಿದಳು. "ಮೂವತ್ತೊಂದು ಸಾವಿರದಲ್ಲಿ ನಮ್ಮ ತಲೆ ಕಳೀರಿ. ಅಷ್ಟಾದ್ರೂ ಬರ್ಕೊಳ್ಳಿ."

"ಬರ್ಕೊಳ್ಳಿ," ಎಂದು ಅಧಿಕಾರಿ ಗುಮಾಸ್ತನಿಗೆ ಹೇಳಿ, ಮುಂದಿನ ಹೆಸರು ಕೂಗಿಸಿದ.

ಹೊರಗೆ ಮೆಟ್ಟಿಲ ಹತ್ತಿರ ಅತ್ತೆ ಕಾಯುತ್ತಿದ್ದಳು. ಅವಳಿಗೆ ವಿಷಯ ಹೇಳುತ್ತಿದ್ದಾಗಲೇ ಒಳಗೆ ಬರೆದುಕೊಳ್ಳುತ್ತಿದ್ದ ಗುಮಾಸ್ತ ಹೊರಬಂದ. ಅತ್ತೆಯ ಪಾದಗಳನ್ನೇ ಒಂದು ಗಳಿಗೆ ನೋಡಿದ.

"ಗುರುತು ಸಿಗ್ಲಿಲ್ಲವಾ ಅಕ್ಕಾ? ಆವತ್ತು ಸ್ಟೂಲ್ ಮೇಲೆ ಕೂತಿದ್ದವನು ನಾನೇ."

ಟೈಲರಕ್ಕ ದಿಟ್ಟಿಸಿದಳು. ತೆಳ್ಳಗಿನವನಿಗೆ ಈಗ ಹೊಟ್ಟೆ ಬಂದಿತ್ತು.

"ನಂಗೆ ಎಲ್ಲ ಗೊತ್ತಿತ್ತು," ಎಂದ ಅವನು, ನೆಲ ನೋಡುತ್ತ. "ಸ್ಟೂಲು ಗಿಡ್ಡ. ಕೂತವನಿಗೆ ಮೊದಲು ಕಾಣೋದು ಕಾಲು. ನೀವು ಕೋಟು ಬದಲಾಯಿಸಿದ್ರಿ, ಶಾಲು ಬದಲಾಯಿಸಿದ್ರಿ, ಚಪ್ಪಲಿ ಬದಲಾಯಿಸೋಕೆ ಮರೆತ್ರಿ. ಈ ಅಮ್ಮನ ಚಪ್ಪಲಿಗೆ ಒಂದು ಕಡೆ ನೀಲಿ ದಾರದ ಹೊಲಿಗೆ ಇತ್ತು. ದಿನಕ್ಕೆ ಮೂವತ್ತು ಸಲ ನೋಡಿದೀನಿ."

ಆ ನೀಲಿ ದಾರ ಹಾಕಿದವಳು ಟೈಲರಕ್ಕನೇ. ಬಟ್ಟೆ ಹೊಲಿಯುವವಳಿಗೆ ಮನುಷ್ಯ ಎಂದರೆ ಕುತ್ತಿಗೆಯಿಂದ ಹಿಮ್ಮಡಿಯವರೆಗೆ. ಅದರ ಕೆಳಗೆ ಏನಿದೆ ಎಂದು ಅವಳು ಯೋಚಿಸಿಯೇ ಇರಲಿಲ್ಲ.

"ಮತ್ಯಾಕೆ ಎಣಿಸ್ದೆ?"

"ಯಾರು ಎಷ್ಟು ಸಲ ಬಂದ್ರೂ ಒತ್ತು ಅಂತ ಮೇಲಿನವರು ಹೇಳಿದ್ರು. ನಿಲ್ದಾಣ ನಿಮ್ಮ ಮೂಲೆಗೇ ಅಂತ ಮೊದಲೇ ಆಗಿಹೋಗಿತ್ತಕ್ಕ. ಕಡತದಲ್ಲಿ ಹಾಕೋಕೆ ಒಂದು ಸಂಖ್ಯೆ ಬೇಕಿತ್ತು. ನಿಲ್ದಾಣದ ನಕ್ಷೆಯ ಪ್ರತಿ ಎಣಿಕೆಗೂ ಒಂದು ವರ್ಷ ಮೊದಲೇ ನಿಮ್ಮ ಮಾಲೀಕರ ಮನೇಲಿತ್ತು. ಕೊಟ್ಟುಬಂದಿದ್ದು ನಾನೇ. ಪಕ್ಕದ ಎರಡು ಸೈಟು ಅವರು ಆವಾಗಲೇ ಕೊಂಡಿದ್ದು." ಅವನು ಇನ್ನೂ ಏನೋ ಹೇಳಹೊರಟಿದ್ದ, ಅಷ್ಟರಲ್ಲಿ ಒಳಗಿಂದ ಕರೆ ಬಂತು, ಹೋದ.

ಟೈಲರಕ್ಕ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅಂಗಡಿ ಹೋಗುತ್ತದೆ ಎಂಬ ಸಂಕಟ ಒಂದು ಕಡೆಯಾದರೆ, ಇದು ಅದಕ್ಕಿಂತ ಕೆಟ್ಟ ಉರಿ. ಎಂಟು ವರ್ಷ ಜೋಪಾನ ಮಾಡಿದ್ದ ಹೆಮ್ಮೆಯೇ ಹೋಗಿತ್ತು. ಟೋಪಿ ಹಾಕಿದೆವು ಎಂದು ಬೀಗಿದವರ ತಲೆಗೇ ಟೋಪಿ ಬಿದ್ದಿತ್ತು. ಮಾಲೀಕ ಜಗಲಿಯ ಮೇಲೆ ಕೂತು ಇನ್ನೊಂದು ಸುತ್ತು ಎನ್ನುತ್ತಿದ್ದಾಗ ಅವನ ಮನೆಯೊಳಗೆ ನಕ್ಷೆ ಇತ್ತು. ಅರವತ್ತಾರರ ಮುದುಕಿ ಕಾಲು ಎಳೆಯುತ್ತ ನಡೆಯುವುದನ್ನು ನೋಡುತ್ತ ಅವನು ಕಡಲೆಕಾಯಿ ತಿನ್ನುತ್ತಿದ್ದ. ಅದು ಅವಳಿಗೆ ಚೆನ್ನಾಗಿ ನೆನಪಿತ್ತು. ಅವನ ಮಂಡಿ ಮುರಿಯಬೇಕು ಎಂದು ಅವಳಿಗೆ ಅನ್ನಿಸಿತು, ಅನ್ನಿಸಿದ್ದಕ್ಕೆ ನಾಚಿಕೆಯೂ ಆಗಲಿಲ್ಲ.

"ಏಳು," ಎಂದಳು ಅತ್ತೆ. "ಇವರ ಮೆಟ್ಟಿಲು ಸವೆಸಿದ್ರೆ ಅದಕ್ಕೂ ಲೆಕ್ಕ ಇಟ್ಕೊಂಡಾರು."

ಎರಡು ತಿಂಗಳು ಎರಡು ದಿನದ ಹಾಗೆ ಕಳೆದುಹೋಯಿತು. ಕ್ಷೌರಿಕ ಇರುವ ಕಡೆಯೇ ಒಂದು ಕೋಣೆ ಸಿಕ್ಕಿತು. ಅಲ್ಲಿ ಅಂಗಡಿಗೆ ಜಾಗವಿಲ್ಲ. ಹತ್ತಿರದ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಾಲರು ಕೂಡಿಸುವ ಕೆಲಸ ಇದೆಯಂತೆ, ದಿನಕ್ಕೆ ಇನ್ನೂರು ಕಾಲರು. ಒಬ್ಬ ಮನುಷ್ಯನ ಪೂರಾ ಅಳತೆ ತೆಗೆದು ಬಟ್ಟೆ ಹೊಲಿದವಳು ಇನ್ನು ಮೇಲೆ ಬರೀ ಕುತ್ತಿಗೆ ಹೊಲಿಯಬೇಕು.

ಖಾಲಿ ಮಾಡುವ ದಿನ ಬೆಳಿಗ್ಗೆ ಸಾಮಾನಿನ ಗಾಡಿ ಬಂತು. ಓಣಿಯೊಳಗೆ ಅದು ಹಿಡಿಸುವುದಿಲ್ಲ, ದೊಡ್ಡ ರಸ್ತೆಯಲ್ಲಿ ನಿಲ್ಲಿಸಬೇಕು. ಟೈಲರಕ್ಕ ಮೂಲೆಯವರೆಗೆ ಹೋಗಿ ನೋಡಿದರೆ ಅಲ್ಲಿ ಸ್ಟೂಲು ಹಾಕಿಕೊಂಡು ಒಬ್ಬ ಹುಡುಗಿ ಕೂತಿದ್ದಳು. ಕೈಯಲ್ಲಿ ಗುಂಡಿಯ ಯಂತ್ರ. ಟಿಕ್, ಟಿಕ್, ಟಿಕ್. ನಿಲ್ದಾಣಕ್ಕೆ ಎರಡನೇ ಬಾಗಿಲು ಬರುತ್ತದೆಯಂತೆ, ಎಲ್ಲಿ ಎಂದು ನಿರ್ಧರಿಸಲು ಎಣಿಕೆಯಂತೆ.

ಅವಳು ಮೂಲೆ ದಾಟದೆ ಹಿಂದಿರುಗಿದಳು. ಮಾಲೀಕ ಜಗಲಿಯ ಮೇಲಿದ್ದ. ಅವನ ಮುಖದಲ್ಲಿ ಕೆಡುಕೇನೂ ಇರಲಿಲ್ಲ. ತಂಗಿ ಮನೆ ಬಿಟ್ಟು ಹೋಗುತ್ತಿದ್ದಾಳೆಂದು ನಿಜವಾಗಿಯೂ ಬೇಜಾರಾದವನ ಹಾಗೆಯೇ ಇದ್ದ.

"ಹೊರಟ್ಯಾ ತಂಗಿ? ನಿನ್ನಂಥವಳು ಬಾಡಿಗೆಗೆ ಸಿಗೋದಿಲ್ಲ ಬಿಡು. ಹಾಂ, ಸಾಮಾನು ಮುಂದಿನ ಕಡೆಯಿಂದ್ಲೇ ತಗೊಂಡು ಹೋಗು. ಒಂದೇ ಸಲ ಹೊರಬೇಡ, ಸ್ವಲ್ಪ ಸ್ವಲ್ಪ ಎತ್ಕೊಂಡು ಎಂಟು ಹತ್ತು ಸುತ್ತು ಹಾಕಿಬಿಡು. ಎಣಿಕೆ ನಡೀತಿದೆ ನೋಡು."

ಟೈಲರಕ್ಕನ ಪಿತ್ತ ನೆತ್ತಿಗೇರಿತು. ಬೈಗುಳಗಳೆಲ್ಲ ಒಟ್ಟಿಗೆ ಬಾಯಿಗೆ ಬಂದು, ಯಾವುದೂ ಸಾಲದು ಎನ್ನಿಸಿ, ಅಲ್ಲೇ ನಿಂತವು. ಕೊನೆಗೆ ಅವಳು ಮೆತ್ತಗೆ ಹೇಳಿದಳು. ಅಷ್ಟು ಮೆತ್ತಗೆ ಅವಳು ಅವನೊಡನೆ ಯಾವತ್ತೂ ಮಾತಾಡಿರಲಿಲ್ಲ.

"ನೀವೇ ಇಳಿದು ಒಂದು ಸುತ್ತು ಹಾಕಿ ಅಣ್ಣಾ. ಇಷ್ಟು ವರ್ಷದಲ್ಲಿ ಒಂದು ತಲೆಯಾದ್ರೂ ನಿಮ್ದು ಇರಲಿ."

"ನನ್ನ ಮಂಡಿ ನಿಂಗೆ ಗೊತ್ತಲ್ವಾ," ಎಂದ ಅವನು, ನಗುತ್ತಲೇ.

ಅವಳು ಗಾಡಿಯವನಿಗೆ ಗಾಡಿಯನ್ನು ಸುತ್ತುಹಾಕಿಸಿ ಮೋರಿ ದಾರಿಯ ಆಚೆ ತುದಿಗೆ ತರಲು ಹೇಳಿದಳು. ಅವನು ಗೊಣಗಿದ. ಮೂಲೆಯಿಂದಾದರೆ ಅರವತ್ತು ಹೆಜ್ಜೆ, ಮೋರಿ ಕಡೆಯಿಂದ ಆರುನೂರು. ಕಲ್ಲುಗಳು ಎದ್ದಿವೆ, ಕೊಳಚೆ ನೀರು ಬೇರೆ. "ಹೆಚ್ಚಿಗೆ ಏನಾಗುತ್ತೋ ಕೊಡ್ತೀನಿ, ನಡಿ," ಎಂದಳು.

ಎರಡು ಯಂತ್ರಗಳನ್ನು ಅವನೂ ಅವಳೂ ಹಿಡಿದುಕೊಂಡು ಹೋದರು. ಕತ್ತರಿಸುವ ಮೇಜನ್ನು ಅಡ್ಡ ಮಾಡಿ, ಗೋಡೆಗೆ ಕೈ ತರಚಿಕೊಂಡು ಒಯ್ದರು. ಬಟ್ಟೆಯ ಗಂಟು, ಪಾತ್ರೆ, ಹಾಸಿಗೆ, ಗಂಡನ ಫೋಟೋ, ಇಸ್ತ್ರಿ ಪೆಟ್ಟಿಗೆ ಎಲ್ಲ ಸೇರಿ ಒಂಬತ್ತು ಸಲ ಆಯಿತು. ಹಿಂದೆ ಇದೇ ದಾರಿಯಲ್ಲಿ ಅವರು ಕದ್ದು ವಾಪಸ್ ಬರುತ್ತಿದ್ದರು, ಮತ್ತೆ ಎಣಿಸಿಕೊಳ್ಳಲು.

ಕೊನೆಯ ಸಲ ಅತ್ತೆ ಹೊರಟಳು. ಅವಳಿಗೀಗ ಎಪ್ಪತ್ತನಾಲ್ಕು. ಒಂದು ಕೈಯಲ್ಲಿ ಗುಂಡಿಗಳ ಡಬ್ಬಿ, ಇನ್ನೊಂದರಲ್ಲಿ ನೀರಿಗೆ ನೆನೆಯದಿರಲೆಂದು ಕಳಚಿದ ಚಪ್ಪಲಿ. ಟೈಲರಕ್ಕ ಅವಳ ರಟ್ಟೆ ಹಿಡಿದುಕೊಂಡಳು.

"ಮುಂದಿನ ಕಡೆಯಿಂದ ನೀವೊಬ್ಬರಾದ್ರೂ ಹೋಗಿ ಅತ್ತೆ. ಜಾರಿ ಬಿದ್ದೀರ."

"ಬಿದ್ರೆ ಇಲ್ಲೇ ಬೀಳ್ತೀನಿ," ಎಂದಳು ಮುದುಕಿ. "ಅಲ್ಲಿ ಒಂದು ಟಿಕ್ಕೂ ಕೊಡಲ್ಲ."

ಇಬ್ಬರೂ ಗೋಡೆ ಹಿಡಿದುಕೊಂಡು, ಒಂದೊಂದೇ ಕಲ್ಲು ನೋಡಿಕೊಂಡು ನಡೆದರು. ಕಾಲು ಗಂಟೆ ಹಿಡಿಯಿತು. ಆ ಕಡೆ ಮೂಲೆಯಲ್ಲಿ ಹುಡುಗಿ ಒತ್ತುತ್ತಲೇ ಇದ್ದಳು. ಆ ದಿನದ ಲೆಕ್ಕ ಎಷ್ಟು ಸಾವಿರಕ್ಕೆ ಹೋಗಿ ನಿಂತಿತೋ ಅವರಿಗೆ ತಿಳಿಯಲಿಲ್ಲ. ಎಷ್ಟೇ ಆಗಿರಲಿ, ಅದರಲ್ಲಿ ಅವರಿಬ್ಬರು ಇರಲಿಲ್ಲ.